ಇಬ್ಬರು ಹುಲಿಗೆವ್ವರನ್ನು ಬಿಡಿಸಿದ್ದು

ಆ ಶುಕ್ರವಾರ ಮುಂಜಾನೆ ಐದಕ್ಕೆ ನಳದಲ್ಲಿ ನೀರು ಬಂತು. ಕೊಪ್ಪಳದ ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ಬರುವ ನೀರು. ಕೊಡ, ಬಕೀಟು ಎಲ್ಲ ಮುಗಿದು ಕೊನೆಗೆ ಹಿಟ್ಟು ನಾದುವ ಪರಾತದವರೆಗೂ ತುಂಬಿಟ್ಟುಕೊಂಡೆ. ಪರಾತ ತುಂಬಿದ್ದರಿಂದ ರೊಟ್ಟಿಯ ಹಿಟ್ಟನ್ನು ಕಟ್ಟೆಯ ಕಲ್ಲಿನ ಮೇಲೆಯೇ ನಾದಿದೆ. ನಮ್ಮವರ ಡಬ್ಬಿಗೆ ನಾಲ್ಕು ರೊಟ್ಟಿ, ನನ್ನದಕ್ಕೆ ಎರಡು, ಜೊತೆಗೆ ಪುಂಡಿಪಲ್ಯ. ಮಗಳಿಗೆ ಎರಡು ಜಡೆ ಹೆಣೆದು, ಅತ್ತೆಯವರ ಗುಳಿಗೆಯನ್ನು ಚಹಾದ ಬಟ್ಟಲಿನ ಪಕ್ಕ ಇಟ್ಟು, ಎಂಟೂಕಾಲರ ಬಸ್ಸು ಹಿಡಿದೆ. ಶುಕ್ರವಾರವಾದ್ದರಿಂದ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವ ಜನ ಬಸ್ಸು ತುಂಬಿದ್ದರು. ಮುಂದಿನ ಸೀಟಿನ ಮುದುಕಿಯ ತೊಡೆಯ ಮೇಲೆ ಹಸಿರು ಬಳೆಗಳ ಬುಟ್ಟಿ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಅವು ಸಣ್ಣಗೆ ಸದ್ದು ಮಾಡುತ್ತಿದ್ದವು. ಕ್ರಾಸಿನಲ್ಲಿ ನಾನಿಳಿದೆ. ಎಂದಿನ ದಿನದಂತೆಯೇ ಒಂದು ದಿನ ಅಂದುಕೊಂಡಿದ್ದೆ.

ನಾನು ಕೆಲಸ ಮಾಡಿದ್ದು ಊರ ಹೊರಗಿನ ಒಂದು ಧರ್ಮಾರ್ಥ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೋದ ತಿಂಗಳು ಅಲ್ಲಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಅವರಲ್ಲೊಬ್ಬಳು, "ಆಂಟಿ, ಹೆಸರು ಟೈಪ್ ಮಾಡೋ ಕೆಲಸದಾಗ ಕಲಿಯೋದರೆ ಏನೈತ್ರಿ?" ಎಂದು ಕೇಳಿದಳು. ಮುಖದಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೇ ಕೇಳಿದಳು. ಆಗ ಚಹಾ ಕೊಟ್ಟು ಕಳಿಸಿದೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ.

೧೯೯೭ರಲ್ಲಿ, ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, ನಾನು ಕೆಲಸಕ್ಕೆ ಸೇರಿದೆ. ಅಲ್ಲಿಯವರೆಗೂ ಮನೆ, ಮಗಳು, ಅಡಿಗೆ ಇಷ್ಟೇ. ಕಾನ್ವೆಂಟಿನಲ್ಲಿ ಓದಿದ್ದೆ, ಅಕ್ಷರ ದುಂಡಗಿತ್ತು, ಟೈಪಿಂಗ್ ಪರೀಕ್ಷೆ ಪಾಸಾಗಿದ್ದೆ. ಅದನ್ನು ನೋಡಿ ತೆಗೆದುಕೊಂಡರು. ನನ್ನ ಮೇಲಿನವರು ಬಸಟೆಪ್ಪ ಗುಮಾಸ್ತರು. ಯಲಬುರ್ಗಾ ಕಡೆಯವರು, ಬಿಳೀ ಟೊಪ್ಪಿಗೆ, ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ನೀಲಿ ಹೆಸರಿಗೆ, ಕೆಂಪು ಷರಾಕ್ಕೆ. ರಿಜಿಸ್ಟರಿನ ಕೊನೆಯ ಖಾನೆಯೇ ಷರಾ. ಯಾವ ಔಷಧ ಆಗದು, ಯಾರಿಗೆ ಕಿವಿ ಕೇಳಿಸದು, ಯಾರ ಕೂಡ ಬಂದವರು ಯಾರು, ಎಲ್ಲವನ್ನೂ ಅಲ್ಲಿ ಬರೆಯುತ್ತಿದ್ದರು. ಹೆಸರನ್ನಂತೂ ಬಾಯಲ್ಲಿ ಬಂದ ಹಾಗೆಯೇ ಬರೆಯಬೇಕು. 'ಸಣ್ಣ ಹುಲಿಗೆವ್ವ ತಂದೆ ದುರಗಪ್ಪ, ತಾವರಗೇರಾ' ಅಂದರೆ ಅಷ್ಟೂ ಬರೆಯಬೇಕು.

ಮೊದಲ ವಾರ ನಾನು ಒಬ್ಬ ರೈತನ ವಯಸ್ಸನ್ನು ನಲವತ್ತು ಎಂದು ಬರೆದೆ. ಬಸಟೆಪ್ಪನವರು ಇಣುಕಿ ನೋಡಿ, "ಯಾರು ಹೇಳಿದರ‍್ರಿ ನಲವತ್ತು ಅಂತ?" ಅಂದರು.

"ಅವರೇ ಹೇಳಿದರು."

"ಅವ ಹೇಳಿದ್ದು ನಲವತ್ತಲ್ಲರೀ ತಂಗಿ. 'ನಲವತ್ತರ ಸುಮಾರ ಇರಬೌದು' ಅಂದ. ಸುಮಾರು ಅಂತ ಬರೀರಿ. ಅವಗ ಗೊತ್ತಿಲ್ಲದ್ದು ನಿಮಗ ಹೆಂಗ ಗೊತ್ತಾತು?"

ಆಗ ನನಗೆ ನಗು ಬಂದಿತ್ತು. ಮನೆಗೆ ಹೋಗಿ ನಮ್ಮವರಿಗೆ ಹೇಳಿ ಮತ್ತೊಮ್ಮೆ ನಕ್ಕೆ.

ಎರಡು ವರ್ಷದ ಮೇಲೆ ಮೊದಲ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ. ಅದರಲ್ಲಿ ಒಂದೇ ಉದ್ದನೆಯ ಟೇಬಲ್. ರಿಜಿಸ್ಟರಿನಲ್ಲಿ ಹೇಗಿತ್ತೋ ಹಾಗೆಯೇ ಹೆಸರಿಗೆ ಒಂದು ಅಗಲ ಖಾನೆ, ವಯಸ್ಸಿಗೊಂದು, ಊರಿಗೊಂದು, ಷರಾಕ್ಕೊಂದು. ಬಸಟೆಪ್ಪನವರು ಅದರ ಕೀಲಿಮಣೆ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು, ನಾನು ಬಡಿಯುತ್ತಿದ್ದೆ. ಹೀಗೆ ಹಳೆಯ ರಿಜಿಸ್ಟರುಗಳೆಲ್ಲ ಒಳಗೆ ಹೋದವು. ನಂತರ ಅವರು ನಿವೃತ್ತರಾಗಿ ಊರಿಗೆ ಹೋದರು. ಹೋಗುವಾಗ ಕೆಂಪು ಪೆನ್ನನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು.

ನಾನು ಸೇರಿ ಒಂಬತ್ತು ವರ್ಷಗಳಾದಾಗ ಹೊಸ ಕಂಪ್ಯೂಟರ್, ಅದರ ಜೊತೆ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ತಂದವರು ಗಂಗಾವತಿಯ ಪ್ರಸಾದ್. ಕಾಲುವೆ ಕಡೆಯ ಆಂಧ್ರದವರ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರು, ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ತಲೆ ಅರ್ಧ ನರೆತಿತ್ತು, ಎಲ್ಲರಿಗೂ ಅಮ್ಮಾ ಅನ್ನುತ್ತಿದ್ದರು. ಹೊಸ ಡೇಟಾಬೇಸಿನ ಸ್ಕೀಮಾ, ಅಂದರೆ ಯಾವ ವಿಷಯ ಯಾವ ಖಾನೆಯಲ್ಲಿ ಕೂರಬೇಕೆಂಬ ನಕ್ಷೆ, ಬೇರೆಯಾಗಿತ್ತು. ಹೆಸರಿಗೊಂದು ಖಾನೆ, ತಂದೆ ಅಥವಾ ಗಂಡನಿಗೊಂದು, ಹುಟ್ಟಿದ ತಾರೀಖಿಗೊಂದು. ಹಳೆಯದರಲ್ಲಿದ್ದುದನ್ನೆಲ್ಲ ಮುರಿದು, ತಿದ್ದಿ ಹೊಸದರಲ್ಲಿ ತುಂಬಬೇಕು. ಅದಕ್ಕೆ ಪ್ರಸಾದ್ ನಿಯಮಗಳ ಪಟ್ಟಿ ಮಾಡುತ್ತ ನನ್ನನ್ನು ಕೇಳುತ್ತಿದ್ದರು.

ವಯಸ್ಸಿನಿಂದ ಹುಟ್ಟಿದ ತಾರೀಖು ಮಾಡುವಾಗ ತಿಂಗಳು ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು ಎಂದು ಹಾಕಿದೆವು. ಕುಷ್ಟಗಿ, ಯಲಬುರ್ಗಾ ತಾಲೂಕಿನ ಹಿರಿಯರೆಲ್ಲ ಒಂದೇ ದಿನ ಹುಟ್ಟಿಬಿಟ್ಟರು. 'ಸುಮಾರು' ಅನ್ನುವ ಮಾತಿಗೆ ಹೊಸ ನಕ್ಷೆಯಲ್ಲಿ ಜಾಗವೇ ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಪ್ರಸಾದ್ ಕೇಳಿದರು. "ಅಮ್ಮಾ, ಹೆಸರಿನ ಮುಂದ ಶ್ರೀಮತಿ, ಕುಮಾರಿ ಎಲ್ಲಾ ತೆಗೀತೀನಿ. ಈ ದೊಡ್ಡ, ಸಣ್ಣ ಅನ್ನೋದು ಹೆಸರಾ, ಏನು? ಭಾಳ ಮಂದಿಗಿ ಐತಲ್ಲ."

ನಾನು ರಸೀದಿ ಪುಸ್ತಕಗಳನ್ನು ಜೋಡಿಸುತ್ತಿದ್ದೆ. ತಲೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ನನ್ನನ್ನೇ ಸಣ್ಣ ಸೊಸೆ ಅನ್ನುತ್ತಾರೆ, ಅದೇನು ನನ್ನ ಹೆಸರೇ ಅಂದುಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರ್ ಫಾರ್ಮ್ ತುಂಬುವುದನ್ನು ಕಲಿಸಿದ್ದರು: ಹೆಸರು ಅಂದರೆ ಹೆಸರು, ಮನೆಯಲ್ಲಿ ಕರೆಯುವುದಲ್ಲ. ಅದೇ ಗತ್ತಿನಲ್ಲಿ ಹೇಳಿದೆ: "ಅದು ಹಳ್ಳಿ ಮಂದಿ ಕರಿಯೋದ್ರಿ. ಹೆಸರಲ್ಲ. ತೆಗೀರಿ."

ಅವರು ಪಟ್ಟಿ ಛಾಪಿಸಿ ತಂದರು. ಕೆಳಗೆ ನನ್ನ ಸಹಿ ಹಾಕಿದೆ, ದುಂಡಗೆ.

ಇನ್ನೊಂದು ನಿಯಮವೂ ಇತ್ತು. ಹೆಸರು, ತಂದೆ, ಊರು ಒಂದೇ ಆಗಿ, ವಯಸ್ಸಿನಲ್ಲಿ ಮೂರು ನಾಲ್ಕು ವರ್ಷದ ಫರಕು ಮಾತ್ರ ಇದ್ದರೆ, ಅದು ಒಬ್ಬರೇ, ಎರಡು ಸಲ ಬರೆದಿದ್ದಾರೆ ಎಂದು ತಿಳಿದು ಕೂಡಿಸಿಬಿಡುವುದು. ಅಂದಾಜಿನ ವಯಸ್ಸುಗಳಾದ್ದರಿಂದ ಅದೂ ಸರಿಯೇ ಅನ್ನಿಸಿತ್ತು. ಎರಡೂ ನಿಯಮಗಳನ್ನು ಬೇರೆ ಬೇರೆ ನೋಡಿದರೆ ತಪ್ಪಿಲ್ಲ. ಒಂದರ ಹಿಂದೊಂದು ಓಡಿದಾಗ ಏನಾಗುತ್ತದೆಂದು ಯೋಚಿಸಬೇಕಾದವಳು ನಾನು. ಈ ಕಡೆ ಹುಲಿಗೆಮ್ಮನಿಗೆ ಹರಕೆ ಹೊತ್ತವರ ಮನೆಯಲ್ಲಿ ಎರಡು ಹೆಣ್ಣು ಹುಟ್ಟಿದರೆ ಎರಡಕ್ಕೂ ಅದೇ ಹೆಸರಿಡುತ್ತಾರೆ, ಒಬ್ಬಳು ದೊಡ್ಡಾಕಿ, ಒಬ್ಬಳು ಸಣ್ಣಾಕಿ. ಯಮನೂರಪ್ಪನ ಹರಕೆಯ ಮನೆಯಲ್ಲಿ ಗಂಡುಮಕ್ಕಳಿಗೂ ಹಾಗೆಯೇ. ಇದು ಪ್ರಸಾದರಿಗೆ ಗೊತ್ತಿರಬೇಕಿರಲಿಲ್ಲ. ನನಗೆ ಗೊತ್ತಿತ್ತು.

ಹೊಸ ಕಂಪ್ಯೂಟರ್ ಎಂಟು ತಿಂಗಳು ಸರಿಯಾಗಿಯೇ ನಡೆಯಿತು. ಆಮೇಲೆ ಆ ಶುಕ್ರವಾರ ಬಂತು.

ಒಂಬತ್ತೂವರೆಗೆ ತಾವರಗೇರಾದಿಂದ ಒಂದು ಟಂಟಂ ಆಟೋ ಬಂದು ನಿಂತಿತು. ತುಂಬು ಬಸುರಿ ಹುಲಿಗೆವ್ವ, ಜೊತೆಗೆ ತಾಯಿ ಕಲ್ಲವ್ವ. ಹೆರಿಗೆನೋವು ಹತ್ತಿ ಒಂದು ಹಗಲು, ಒಂದು ರಾತ್ರಿ ಆಗಿತ್ತಂತೆ, ನೀರು ಒಡೆದಿತ್ತು, ಮೈ ಬಿಸಿಯಿತ್ತು. ನಾವು ಡಾಕ್ಟರ್ ಬಾಯಿ ಅನ್ನುತ್ತಿದ್ದ ಲೇಡಿ ಡಾಕ್ಟರ್ ನೋಡಿ, ಸೋಂಕಾಗದಂತೆ ಪೆನ್ಸಿಲಿನ್ ಜಾತಿಯ ಸೂಜಿ ಕೊಡಲು ಬರೆದರು. ಸೂಜಿ ತುಂಬುವಾಗ ಕಲ್ಲವ್ವ ಅಂದಳಂತೆ, "ಆಕಿಗಿ ಆ ಸೂಜಿ ಆಗಂಗಿಲ್ರಿ ಯವ್ವಾ. ಹುಡುಗಿ ಇದ್ದಾಗ ಕೊಟ್ಟು ಜೀವಾನ ಹೋಗೂದಿತ್ತು."

ಸೂಜಿ ಕೊಡುವ ನರ್ಸ್ ಸರೋಜಾ ಸಿಸ್ಟರ್ ಎಚ್ಚರದ ಹೆಣ್ಣುಮಗಳು. ನನ್ನ ಕಿಟಕಿಗೆ ಬಂದು, "ಅಕ್ಕಾರ, ಹುಲಿಗೆವ್ವ ತಂದೆ ದುರಗಪ್ಪ, ತಾವರಗೇರಾ. ಏನರೆ ಷರಾ ಐತೇನ್ರಿ ನೋಡ್ರಿ" ಅಂದಳು.

ನೋಡಿದೆ. ಷರಾ ಖಾಲಿ. ಅಷ್ಟೇ ಅಲ್ಲ, ಮೂರು ತಿಂಗಳ ಹಿಂದೆ ಕಾಲಿನ ಗಾಯಕ್ಕೆ ಅದೇ ಸೂಜಿ ಕೊಟ್ಟದ್ದು, ಏನೂ ತೊಂದರೆ ಆಗದ್ದು, ಪರದೆಯ ಮೇಲೆ ಚೊಕ್ಕಾಗಿ ಇತ್ತು. ಬೇಸಿಗೆಯ ಆ ಭೇಟಿಗೆ ನಾನೇ ಚೀಟಿ ಮಾಡಿಕೊಟ್ಟದ್ದೂ ಕಂಡಿತು.

"ಹಿಂದ ಕೊಟ್ಟಾರ ಸಿಸ್ಟರ್. ಏನೂ ಆಗಿಲ್ಲ" ಅಂದೆ.

ಹಿಂದೆ ಕೊಟ್ಟದ್ದು ದಾಖಲೆಯಲ್ಲಿದ್ದರೆ ಚರ್ಮದ ಕೆಳಗೆ ಒಂದು ಹನಿ ಹಾಕಿ ಪರೀಕ್ಷಿಸುವುದನ್ನು ಆಗ ನಮ್ಮಲ್ಲಿ ಬಿಟ್ಟುಬಿಡುತ್ತಿದ್ದರು. ಸರೋಜಾ ಒಳಗೆ ಹೋದಳು. ಕಲ್ಲವ್ವನನ್ನು ಹೊರಗೆ ಕಳಿಸಿದರು. ಆಕೆ ನನ್ನ ಕಿಟಕಿಯ ಮುಂದೆ ನಿಂತು, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ಬ್ಯಾಸಗ್ಯಾಗ ಸೂಜಿ ಮಾಡಿಸ್ಕೊಂಡಾಕಿ ದೊಡ್ಡಾಕಿ. ಈಕಿ ಈ ದವಾಖಾನಿ ಮೆಟ್ಟಲಾ ಹತ್ತಿ ಆರ ವರ್ಷ ಆತು. ಇವರು ಯಾರ ಮಾತೂ ಕೇಳಂಗಿಲ್ಲ, ಆ ಪೆಟಗಿ ಹೇಳಿದ್ದ ಖರೇ" ಅಂದಳು.

ದೊಡ್ಡಾಕಿ ಅಂದ ಕೂಡಲೇ ನನ್ನ ಸಹಿ ಇದ್ದ ಕಾಗದ ಕಣ್ಣಿಗೆ ಬಂತು. ಚಪ್ಪಲಿ ಬಿಟ್ಟು ಓಡಿದ್ದು ನೆನಪಿದೆ. ಬಾಗಿಲಲ್ಲಿ "ಸರೋಜಾ, ಬ್ಯಾಡ!" ಎಂದು ಕೂಗಿದೆ. ಆಕೆಯ ಕೈ ನಿಂತಿತು. ಆದರೆ ಅಷ್ಟರಲ್ಲಿ ಕಾಲು ಭಾಗ ಔಷಧ ಒಳಗೆ ಹೋಗಿತ್ತು.

ಮುಂದಿನದನ್ನು ವಿವರವಾಗಿ ಬರೆಯಲಾರೆ. ಹುಲಿಗೆವ್ವನ ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದವು, ತುಟಿ ಊದಿದವು, ಉಸಿರು ಸೀಟಿಯ ಹಾಗೆ ಕೇಳಿಸತೊಡಗಿತು. ಡಾಕ್ಟರ್ ಬಾಯಿಯವರು ಬಂದರು. ಅವರು ಯಾರಿಗೂ ಜೋರು ಮಾಡಲಿಲ್ಲ, ಬೇಕಾದ್ದನ್ನು ಒಂದೊಂದೇ ಶಬ್ದದಲ್ಲಿ ಕೇಳಿ ತೆಗೆದುಕೊಂಡರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹುಲಿಗೆವ್ವನ ಕೈ ಮಂಚದಿಂದ ಕೆಳಗೆ ಜೋತಿತ್ತು. ಅಂಗೈಯಲ್ಲಿ ಮದರಂಗಿಯ ಬಣ್ಣ ಅರ್ಧ ಅಳಿಸಿತ್ತು. ಆ ಬೆರಳುಗಳು ಹಾಸಿಗೆ ಹಿಡಿಯಲು ಮತ್ತೆ ಮಡಿಚುವುದು ಯಾವಾಗ ಎಂದು ನಾನು ಕಾಯುತ್ತಿದ್ದೆ. ಮಡಿಚಿದವು. ಹನ್ನೊಂದೂವರೆಗೆ ಉಸಿರು ತಿಳಿಯಾಯಿತು. ಹನ್ನೆರಡಕ್ಕೆ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಮೊದಲು ಅಳಲಿಲ್ಲ, ಆಮೇಲೆ ಅತ್ತಿತು.

ಒಂದು ಗಂಟೆಗೆ ಪ್ರಸಾದ್ ಗಂಗಾವತಿಯಿಂದ ಬಂದರು. ಡಾಕ್ಟರ್ ಬಾಯಿಯವರ ಕೋಣೆಯಲ್ಲಿ ಮೂವರೇ ಇದ್ದೆವು. ನಿಯಮಗಳ ಪಟ್ಟಿ ಮೇಜಿನ ಮೇಲಿತ್ತು.

"ಇವನ್ನ ತೆಗೀರಿ ಅಂತ ಯಾರು ಹೇಳಿದರು?" ಬಾಯಿಯವರು 'ದೊಡ್ಡ, ಸಣ್ಣ' ಎಂಬಲ್ಲಿ ಬೆರಳಿಟ್ಟು ಕೇಳಿದರು.

ಪ್ರಸಾದ್ ಮೋಟರ್‌ಸೈಕಲ್ ಕೀಲಿಯನ್ನು ಬೆರಳಲ್ಲಿ ತಿರುಗಿಸಿದರು. ನನ್ನ ಹೆಸರು ಹೇಳಲು ಅವರಿಗೆ ಮನಸ್ಸಾಗಲಿಲ್ಲ.

"ನಾನ್ರಿ" ಅಂದೆ.

ಬಾಯಿಯವರು ಪಟ್ಟಿಯನ್ನು ನನ್ನ ಕಡೆ ಸರಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. "ಹಂಗಾರ ವಾಪಸ್ ತರೋರೂ ನೀವ" ಎಂದು ಹೇಳಿ ವಾರ್ಡಿಗೆ ಹೋದರು.

ನಾನು ಪ್ರಸಾದರಿಗೆ, "ಹೆಂಗ ಬದಲಿ ಮಾಡಿದಿರೋ ಹಂಗ ಉಲ್ಟಾ ಓಡಸ್ರಿ" ಅಂದೆ. ಅಷ್ಟು ಸರಳ ಅಂದುಕೊಂಡಿದ್ದೆ.

"ಮುರಿದದ್ದನ್ನ ಉಲ್ಟಾ ಮಾಡಬೌದಮ್ಮಾ" ಅಂದರು. "ಹೆಸರು, ತಂದೆ ಮತ್ತೆ ಕೂಡಿಸಿ ಒಂದು ಖಾನೆ ಮಾಡಬೌದು. ಬಿಟ್ಟದ್ದನ್ನ ಹೆಂಗ ತರಲಿ? ಇಬ್ಬರು ಹೋಗಿ ಒಬ್ಬರಾಗ್ಯಾರ. ಆ ಒಬ್ಬರನ್ನ ನೋಡಿದರ ಇವರು ಮೊದಲು ಇಬ್ಬರಿದ್ದರು ಅಂತನೂ ಗೊತ್ತಾಗಂಗಿಲ್ಲ."

ಜೋಳದ ಹಿಟ್ಟಿಗೆ ಕಡಲೆ ಹಿಟ್ಟು ಬಿದ್ದ ಹಾಗೆ. ಯಾವ ಜರಡಿಯೂ ಬಿಡಿಸದು.

ಹಳೆಯ ಕಂಪ್ಯೂಟರ್ ಸ್ಟೋರಿನಲ್ಲಿ ಗೋಣಿಚೀಲದ ಕೆಳಗಿತ್ತು. ಇಬ್ಬರೂ ಹೊತ್ತು ತಂದೆವು. ದೂಳು ಒರೆಸಿ ಗುಂಡಿ ಒತ್ತಿದಾಗ ಹಸಿರು ಅಕ್ಷರ ಬಂದವು. ನಾನು ಹುಡುಕಿದೆ. 'ದೊಡ್ಡ ಹುಲಿಗೆವ್ವ ತಂದೆ ದುರಗಪ್ಪ.' ಅದರ ಕೆಳಗೆ 'ಸಣ್ಣ ಹುಲಿಗೆವ್ವ ತಂದೆ ದುರಗಪ್ಪ', ಷರಾದಲ್ಲಿ 'ಪೆನ್ಸಿಲಿನ್ ಆಗುವುದಿಲ್ಲ, ಎಂದೂ ಕೊಡಬಾರದು.' ಬಸಟೆಪ್ಪನವರು ಓದಿ ಹೇಳಿದ್ದು, ನಾನು ಬಡಿದದ್ದು. ಕೂಡಿಸುವಾಗ ಯಾರ ಭೇಟಿ ಇತ್ತೀಚಿನದೋ ಅವರ ಷರಾ ಉಳಿಯಲಿ ಎಂದು ನಿಯಮವಿತ್ತು. ಆಗ ಇತ್ತೀಚಿನದು ದೊಡ್ಡಾಕಿಯದು, ಆಕೆಯ ಷರಾ ಖಾಲಿ. ಹಾಗೆ ಆ ಸಾಲು ಹೋಗಿತ್ತು.

ಹಳೆಯ ಪ್ರತಿ ಸಿಕ್ಕಿತು, ಇನ್ನೇನು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಹಳೆಯ ನಂಬರುಗಳನ್ನು ಹೊಸದಕ್ಕೆ ತಂದಿರಲಿಲ್ಲ, ಆದ್ದರಿಂದ ಯಾರ ಜೊತೆ ಯಾರು ಕೂಡಿದ್ದಾರೆಂದು ತಿಳಿಯಲು ದಾರಿಯಿರಲಿಲ್ಲ. ಪ್ರಸಾದ್ ಒಂದು ಯುಕ್ತಿ ಮಾಡಿದರು. ಹಳೆಯ ಪ್ರತಿಯ ಮೇಲೆ ಅದೇ ನಿಯಮಗಳನ್ನು ಮತ್ತೊಮ್ಮೆ ಓಡಿಸಿ, ಈ ಸಲ ಪ್ರತಿ ಹೆಸರಿಗೂ ಹಳೆಯ ನಂಬರನ್ನು ಬಾಲದ ಹಾಗೆ ಕಟ್ಟಿದರು. ಎರಡು ಬಾಲ ಒಂದೇ ಕಡೆ ಬಂದಲ್ಲೆಲ್ಲ ಒಂದು ಜೋಡಿ. ಛಾಪಿಸಿದ ಹಾಳೆ ಎರಡು ಪುಟ ಬಂತು. ಬೇವೂರಿನ ದೊಡ್ಡ ಯಮನೂರಪ್ಪ, ಸಣ್ಣ ಯಮನೂರಪ್ಪ; ದೊಡ್ಡ ದುರಗವ್ವ, ಸಣ್ಣ ದುರಗವ್ವ. ಒಂದೊಂದು ಜೋಡಿಗೂ ಬೆರಳಿಡುತ್ತ ಕೊನೆಯವರೆಗೂ ಓದಿದೆ.

ಅವರನ್ನು ಮತ್ತೆ ಇಬ್ಬಿಬ್ಬರಾಗಿ ಮಾಡಿದೆವು. ಉಳಿದದ್ದು ಎಂಟು ತಿಂಗಳಲ್ಲಿ ಹೊಸದಾಗಿ ಬರೆದದ್ದು. ಆ ಭೇಟಿಗಳು, ರಕ್ತದ ಗುಂಪುಗಳು, ಸೂಜಿಗಳು ಇಬ್ಬರಲ್ಲಿ ಯಾರವು? ಹಳೆಯ ಪ್ರತಿಗೆ ಅದು ಗೊತ್ತಿಲ್ಲ, ಹೊಸದಕ್ಕೂ ಗೊತ್ತಿಲ್ಲ.

ಪ್ರಸಾದ್ ಹೊತ್ತು ನೋಡಿಕೊಂಡು, "ಕಡಿಮಿ ನಂಬರು ಯಾರದೈತೋ ಅವರಿಗೆ ಎಲ್ಲಾ ಹಾಕಿಬಿಡ್ತೀನಮ್ಮಾ. ತಪ್ಪಿದ್ದರ ಆಮ್ಯಾಲೆ ತಿದ್ದಿದರಾತು" ಅಂದರು.

"ಬ್ಯಾಡ್ರಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಗೊತ್ತಿಲ್ಲ ಅಂತ ಬರಿಯೋ ಖಾನೆ ಒಂದು ಮಾಡಿಕೊಡ್ರಿ."

"ಗೊತ್ತಿಲ್ಲ ಅನ್ನೋಕೆ ಯಾರಾದರೂ ಖಾನೆ ಮಾಡ್ತಾರಾ ಅಮ್ಮಾ? ಯಾವ ಸಾಫ್ಟ್‌ವೇರಿನಾಗೂ ಇಲ್ಲ."

"ನಮ್ಮದರಾಗ ಇರಲಿ."

ಅವರು ಚಹಾ ತರಿಸಿ ಕುಡಿದು ಮಾಡಿಕೊಟ್ಟರು. ಜೋಡಿಯಾಗಿ ಸಿಕ್ಕ ಎಲ್ಲರ ಹೆಸರಿನ ಮೇಲೂ, ಇಬ್ಬರಿಗೂ, ಪರದೆ ತೆರೆದ ಕೂಡಲೇ ಕೆಂಪು ಪಟ್ಟಿ ಕಾಣಬೇಕು: 'ಯಾರೆಂದು ಖಾತ್ರಿಯಿಲ್ಲ, ಬಾಯಿಂದ ಕೇಳಿ.' ಮುಂದಿನ ಎರಡು ತಿಂಗಳು ನಾನು ಆ ಹಾಳೆ ಹಿಡಿದು ಊರೂರು ತಿರುಗಿದೆ. ಕಟ್ಟೆಯ ಮೇಲೆ ಕೂತು, ಯಾರ ಕಾಲಿಗೆ ಗಾಯವಾಗಿತ್ತು, ಯಾರಿಗೆ ಜ್ವರ ಬಂದಿತ್ತು ಎಂದು ಕೇಳಿ ಒಂದೊಂದೇ ಭೇಟಿಯನ್ನು ಅವರವರಿಗೆ ಒಪ್ಪಿಸಿದೆ. ಎಲ್ಲವನ್ನೂ ಬಿಡಿಸಲಾಗಲಿಲ್ಲ. ನಾನು ಕೆಲಸ ಬಿಡುವ ದಿನವೂ ಮೂರು ಸಾಲು ಆ ಖಾನೆಯಲ್ಲಿಯೇ ಇದ್ದವು. ಅವನ್ನು ಅಳಿಸಬೇಡಿ ಎಂದು ಮುಂದಿನವರಿಗೆ ಹೇಳಿ ಬಂದೆ. ಹುಡುಗಿಯರೇ, ನೀವು ಹೊಸ ನಕ್ಷೆ ಮಾಡುವಾಗ ಹಳೆಯದರಲ್ಲಿ ಏನನ್ನು ಬಿಡುತ್ತೀರೆಂದು ಒಂದು ಕಾಗದದಲ್ಲಿ ಬರೆದು, ಬಿಟ್ಟದ್ದನ್ನೂ ಒಂದು ಕಡೆ ಇಟ್ಟುಕೊಳ್ಳಿ. ನಿಮಗೆ ಕೆಲಸಕ್ಕೆ ಬಾರದ್ದೆಂದು ಕಂಡದ್ದು ಯಾರದೋ ಮನೆಯಲ್ಲಿ ಇಬ್ಬರನ್ನು ಇಬ್ಬರಾಗಿ ಇಟ್ಟಿರುತ್ತದೆ.

ಆ ಶುಕ್ರವಾರ ಸಂಜೆ ಐದಕ್ಕೆ ವಾರ್ಡಿಗೆ ಹೋದೆ. ಹುಲಿಗೆವ್ವ ನಿದ್ದೆಯಲ್ಲಿದ್ದಳು, ತುಟಿಯ ಊತ ಇಳಿದಿತ್ತು. ಕಲ್ಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ನೆಲದ ಮೇಲೆ ಅವಳ ಪಕ್ಕ ಕೂತೆ.

"ನಿಮ್ಮ ಇಬ್ಬರು ಮಕ್ಕಳನ್ನ ಕಂಪ್ಯೂಟರಿನಾಗ ಒಬ್ಬರಂತ ಬರಿಸಿದಾಕಿ ನಾನ ಅದೀನ್ರಿ ಯವ್ವಾ. ತಪ್ಪಾತು."

ಅವಳು ಕೂಸಿನ ಟೊಪ್ಪಿಗೆ ಸರಿ ಮಾಡಿದಳು. "ಹೊತ್ತು ಹೆತ್ತಾಕಿ ನಾನು, ಕೇಳಬೇಕಿಲ್ಲೋ?" ಅಂದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನನ್ನ ಮುಖ ನೋಡಿ, "ಏಳ್ರಿ, ಅಳಬ್ಯಾಡ್ರಿ, ಬಾಣಂತಿ ಮುಂದ. ಇದಕ್ಕೂ ಹುಲಿಗೆವ್ವ ಅಂತ ಇಡತೀನಿ. ನಿಮ್ಮ ಪೆಟಗಿ ಏನ ಮಾಡತೈತಿ ನೋಡೇಬಿಡೂಣು" ಅಂದಳು. ಪಕ್ಕದ ಮಂಚದವರು ನಕ್ಕರು. ನನಗೆ ನಗು ಬರಲಿಲ್ಲ, ಕೂಸಿನ ಅಂಗಾಲು ಮುಟ್ಟಿ ಎದ್ದು ಬಂದೆ.

ಮನೆ ತಲುಪಿದಾಗ ಏಳು ದಾಟಿತ್ತು. ಮಗಳು ಅಜ್ಜಿಯ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದಳು. ಪಕ್ಕದ ಮನೆಯ ಶಾಂತಕ್ಕ ಕಂಪೌಂಡಿನ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಬಳಿದು ಮೊರಕ್ಕೆ ತುಂಬುತ್ತಿದ್ದರು.

"ಯಾಕ್ರಿ, ಇವತ್ತ ಇಷ್ಟ ತಡಾ?"

"ಹೆಸರು ಒಂದಕ್ಕೊಂದು ಕೂಡಿಬಿಟ್ಟಿದ್ದವ್ರಿ. ಬಿಡಿಸ್ಕೋತ ಕುಂತಿದ್ವಿ."

ಶಾಂತಕ್ಕ ಮೊರ ಕೊಡವಿ, ಸೀನು ತಡೆದುಕೊಂಡು ಒಳಗೆ ಹೊರಟರು. ಹೊಸ್ತಿಲಲ್ಲಿ ತಿರುಗಿ, "ಅಷ್ಟಕ್ಕ ದಿನಪೂರ್ತಿ ಏನ್ರಿ?" ಅಂದರು. "ಹೆಸರರೆ ಏನ್ರೀ ಅದು, ಕರದಾಗ ಯಾರರೆ ಒಬ್ಬರು ಓ ಅಂದರ ಸಾಕಲ್ಲ."